ಅಗಲದ ರಿಮ್ ಹಾಕಿದ ಮೇಲೆ ಬ್ರೇಕ್ ಕೈಕೊಟ್ಟರೆ: ಟ್ರಯಲ್ಸ್ ಸೈಕಲ್ ದೋಷ ನಿವಾರಣೆ

ಟ್ರಯಲ್ಸ್ ಸೈಕಲ್‌ಗೆ ಅಗಲದ ರಿಮ್ ಹಾಕಿಸಿದ ವಾರದಲ್ಲೇ ಶುರುವಾಗುವ ದೂರು ಒಂದೇ: ‘ಬ್ರೇಕ್ ಹಾಳಾಯ್ತು.’ ಬಿಚ್ಚಿ ನೋಡಿದರೆ ಬ್ರೇಕ್ ಚೆನ್ನಾಗೇ ಇರುತ್ತದೆ. ಅದಕ್ಕೆ ಜಾಗ ಸಾಲುತ್ತಿಲ್ಲ, ಅಷ್ಟೆ. ಪ್ಯಾಡ್ ಉಜ್ಜುವುದು, ಲಿವರ್ ಮೆತ್ತಗಾಗುವುದು, ಒಂದೇ ಪಕ್ಕ ತಾಗುವುದು, ಹಿಡಿದರೂ ಚಕ್ರ ಜಾರುವುದು ಇವೆಲ್ಲ ಬೇರೆ ಬೇರೆ ರೋಗದ ಹಾಗೆ ಕಾಣುತ್ತವೆ. ಮೂಲ ಮಾತ್ರ ಹೆಚ್ಚು ಸಲ ನಾಲ್ಕೈದು ಮಿಲಿಮೀಟರ್ ಲೆಕ್ಕದಲ್ಲೇ ಇರುತ್ತದೆ. ಆದ್ದರಿಂದ ಆಯಿಲ್ ಬಾಟಲಿ ಮುಟ್ಟುವ ಮೊದಲು ವರ್ನಿಯರ್ ಕೈಗೆ ತಗೊಳ್ಳಿ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟ್ರಯಲ್ಸ್ ಅಂದರೆ ಕಾಲು ನೆಲಕ್ಕೆ ಊರದೆ ಬಂಡೆ, ಮರದ ದಿಮ್ಮಿ, ಕಟ್ಟೆಗಳ ಮೇಲೆ ಸೈಕಲ್ಲನ್ನು ಕುಪ್ಪಳಿಸುತ್ತಾ ದಾಟುವುದು. 1970ರ ದಶಕದಲ್ಲಿ ಸ್ಪೇನಿನ ಕ್ಯಾಟಲೋನಿಯಾದಲ್ಲಿ ಬೆಳೆದ ಆಟ ಇದು. ಮೊಂಟೆಸಾ ಮೋಟರ್‌ಸೈಕಲ್ ಕಂಪನಿಯಲ್ಲಿದ್ದ ಪೆರೆ ಪಿ ತನ್ನ ಮಗ ಓಟ್ ಪಿಗೆ ಮೋಟರ್ ಇಲ್ಲದ ಟ್ರಯಲ್ ಬಂಡಿ ಮಾಡಿಕೊಟ್ಟಿದ್ದರಿಂದ ಅದಕ್ಕೆ ರೂಪ ಬಂತು. 1986ರಿಂದ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ, 20 ಇಂಚು ಮತ್ತು 26 ಇಂಚು ಚಕ್ರಗಳ ವಿಭಾಗಗಳಿವೆ. ಇಲ್ಲಿ ಬ್ರೇಕ್ ಕೆಲಸ ವೇಗ ಇಳಿಸುವುದಲ್ಲ, ಚಕ್ರವನ್ನು ಕಟ್ಟಿಹಾಕುವುದು. ಹಿಂದಿನ ಚಕ್ರದ ಮೇಲೆ ನಿಂತಾಗ ಮುಂದಕ್ಕೂ ಹಿಂದಕ್ಕೂ ಕೂದಲೆಳೆಯಷ್ಟೂ ಉರುಳಬಾರದು. ಊರಲ್ಲಿ ಓಡಿಸುವ ಸೈಕಲ್‌ನಲ್ಲಿ ‘ಪರವಾಗಿಲ್ಲ’ ಅನ್ನಿಸುವ ಬ್ರೇಕ್ ಇಲ್ಲಿ ಮೊಣಕಾಲು ಮುರಿಸುತ್ತದೆ.

ಅಗಲದ ರಿಮ್ ಯಾಕೆ ಬೇಕು? ಟ್ರಯಲ್ಸ್‌ನಲ್ಲಿ ಟೈರ್‌ಗೆ ಗಾಳಿ ಬಹಳ ಕಡಿಮೆ. ಸಣ್ಣ ರಿಮ್ ಮೇಲೆ ಅಂಥ ಟೈರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಅಗಲದ ರಿಮ್ ಟೈರಿನ ಬುಡವನ್ನು ಹರಡಿ ಹಿಡಿಯುತ್ತದೆ. 26 ಇಂಚಿನ ಬಂಡಿಗಳಲ್ಲಿ ಹಿಂದಿನ ರಿಮ್ 47 ಮಿಮೀ ಆಸುಪಾಸು ಇರುವುದು ಮಾಮೂಲು. ಮುಂದೆ 38ರ ಸುತ್ತಮುತ್ತ.

ಇಲ್ಲಿ ಹೇಳುವುದು ಹೆಚ್ಚಾಗಿ ಮಗುರಾ ಎಚ್‌ಎಸ್33 ತರಹದ ಆಯಿಲ್ ಬ್ರೇಕ್ ಬಗ್ಗೆ. ಜರ್ಮನಿಯ ಬಾಡ್ ಉರಾಖ್ ಊರಿನ ಈ ಕಂಪನಿ 1987ರಿಂದ ರಿಮ್ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಮಾಡುತ್ತಿದೆ. ಟ್ರಯಲ್ಸ್‌ನಲ್ಲಿ ಅದೇ ರೂಢಿಯಾಗಿಬಿಟ್ಟಿದೆ. ಲಿವರ್ ಹಿಡಿದರೆ ಎಣ್ಣೆ ರಿಮ್ಮಿನ ಎರಡೂ ಪಕ್ಕದ ಸಿಲಿಂಡರ್‌ಗಳೊಳಗಿನ ಪಿಸ್ಟನ್‌ಗಳನ್ನು ತಳ್ಳುತ್ತದೆ, ಅವು ಪ್ಯಾಡನ್ನು ರಿಮ್ಮಿಗೆ ಒತ್ತುತ್ತವೆ. ವಿ-ಬ್ರೇಕ್ ಇದ್ದವರಿಗೆ ಕೊನೆಯ ಹೊತ್ತಿಗೆ ಸ್ವಲ್ಪ ಹೇಳುತ್ತೇನೆ. ಡಿಸ್ಕ್ ಬ್ರೇಕ್ ಇದ್ದವರು ಇದನ್ನು ಓದಬೇಕಾಗಿಲ್ಲ, ರಿಮ್ ಎಷ್ಟು ಅಗಲವಾದರೂ ಡಿಸ್ಕ್‌ಗೆ ಲೆಕ್ಕವಿಲ್ಲ.

ಮೊದಲು ಅಳತೆ

ಹಳೇ ರಿಮ್ 38, ಹೊಸದು 47 ಅಂದುಕೊಳ್ಳಿ. 9 ಮಿಮೀ ಜಾಸ್ತಿ. ಒಂದೊಂದು ಪಕ್ಕಕ್ಕೆ ನಾಲ್ಕೂವರೆ. ಪ್ಯಾಡ್ ಮತ್ತು ರಿಮ್ ನಡುವೆ ಸಾಮಾನ್ಯವಾಗಿ ಬಿಡುವ ಸಂದು ಒಂದೂವರೆ, ಎರಡು ಮಿಮೀ. ಅಂದರೆ ಹಳೇ ಜಾಗದಲ್ಲೇ ಸಿಲಿಂಡರ್ ಇಟ್ಟುಕೊಂಡು ಹೊಸ ರಿಮ್ ಕೂರಿಸಲು ಹೋದರೆ ಪ್ಯಾಡ್ ರಿಮ್ಮಿನ ಒಳಗೇ ಇರಬೇಕಾಗುತ್ತದೆ!

ಮೂರು ಅಳತೆ ಬೇಕು. ಪಿಸ್ಟನ್‌ಗಳು ಪೂರ್ತಿ ಒಳಗೆ ಹೋಗಿರುವಾಗ ಒಂದರ ಮುಖದಿಂದ ಇನ್ನೊಂದರ ಮುಖಕ್ಕೆ ಎಷ್ಟು ದೂರ. ಬ್ರೇಕ್ ಹಿಡಿಯುವ ಜಾಗದಲ್ಲಿ ರಿಮ್ಮಿನ ಹೊರ ಅಗಲ. ಹಿಂಬದಿಯ ತಗಡನ್ನೂ ಸೇರಿಸಿ ಒಂದು ಪ್ಯಾಡಿನ ದಪ್ಪ. ಮೊದಲನೆಯದರಿಂದ ರಿಮ್ ಅಗಲವನ್ನೂ ಎರಡು ಪ್ಯಾಡಿನ ದಪ್ಪವನ್ನೂ ಕಳೆಯಿರಿ. ಉದಾಹರಣೆಗೆ ಪಿಸ್ಟನ್ ನಡುವೆ 78, ರಿಮ್ 47, ಪ್ಯಾಡ್ 13 ಇದ್ದರೆ ಉಳಿಯುವುದು 5. ಪಕ್ಕಕ್ಕೆ ಎರಡೂವರೆ ಮಿಮೀ, ಸುಖವಾಗಿ ಆಗುತ್ತದೆ. ಉಳಿದದ್ದು 3ಕ್ಕಿಂತ ಕಡಿಮೆ ಬಂದರೆ ಚಕ್ರ ಸ್ವಲ್ಪ ಅಲುಗಾಡಿದರೂ ಉಜ್ಜುತ್ತದೆ. ಸೊನ್ನೆಗಿಂತ ಕೆಳಗೆ ಬಂದರೆ ಯಾವ ನಾಬ್ ತಿರುಗಿಸಿದರೂ ಉಪಯೋಗವಿಲ್ಲ, ಸಿಲಿಂಡರ್ ಜಾಗ ಬದಲಾಗಲೇಬೇಕು.

ಒಂದು ಎಚ್ಚರಿಕೆ. ಮಾರುವವರು ಬರೆದಿರುವ ಅಗಲ ಒಳಗಿನದೋ ಹೊರಗಿನದೋ ಅಂತ ಹಲವು ಸಲ ಗೊತ್ತಾಗುವುದೇ ಇಲ್ಲ. ನಮಗೆ ಬೇಕಾದದ್ದು ಹೊರಗಿನದು. ಅವರ ಅಂಕಿ ನಂಬಬೇಡಿ, ರಿಮ್ ಕೈಗೆ ಬಂದ ಮೇಲೆ ನೀವೇ ಅಳೆಯಿರಿ. ನಾಲ್ಕು ಕಡೆ ಅಳೆಯಿರಿ, ಯಾಕಂದರೆ ತೂತು ಕೊರೆದ ತೆಳು ರಿಮ್‌ಗಳಲ್ಲಿ ಜಾಯಿಂಟ್ ಹತ್ತಿರ ಅಗಲ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ಪ್ಯಾಡ್ ಒಳಗೆ ಕೂರುವುದೇ ಇಲ್ಲ, ಅಥವಾ ಎರಡೂ ಪಕ್ಕ ಉಜ್ಜುತ್ತದೆ

ಇಲ್ಲೇ ಜನ ಸೀಲ್ ಹರಿದುಕೊಳ್ಳುವುದು. ಸ್ವಲ್ಪ ನಿಧಾನವಾಗಿ ಓದಿ.

ಎಚ್‌ಎಸ್33 ಮುಚ್ಚಿದ ವ್ಯವಸ್ಥೆ. ಕಾರಿನಲ್ಲೋ ಬೈಕಿನಲ್ಲೋ ಇರುವಂಥ ಆಯಿಲ್ ಡಬ್ಬಿ ಇದಕ್ಕಿಲ್ಲ. ಒಳಗಿರುವ ಎಣ್ಣೆ ಎಷ್ಟೋ ಅಷ್ಟೇ. ಪ್ಯಾಡ್ ಸವೆದಂತೆ ಲಿವರ್ ಬಳಿಯ ಟಿಪಿಎ (ಪ್ಯಾಡ್ ಸಂದು ಹೊಂದಿಸುವ ತಿರುಪು) ತಿರುಗಿಸಿ ಪಿಸ್ಟನ್‌ಗಳನ್ನು ಮುಂದಕ್ಕೆ ತರುತ್ತೀರಿ. ಕೆಲವು ಮಾದರಿಗಳಲ್ಲಿ ಅದು ಕೆಂಪು ನಾಬ್, ಕೆಲವದರಲ್ಲಿ ಸಣ್ಣ ಅಲೆನ್ ಸ್ಕ್ರೂ. ಹಳೇ ಸಣ್ಣ ರಿಮ್, ಸವೆದ ಪ್ಯಾಡ್‌ಗೆ ಸರಿಹೋಗಲಿ ಅಂತ ಅದನ್ನು ಪೂರ್ತಿ ಒಳಕ್ಕೆ ತಿರುಗಿಸಿರುತ್ತೀರಿ. ಈಗ ಅಗಲದ ರಿಮ್, ಹೊಸ ಪ್ಯಾಡ್. ಪಿಸ್ಟನ್ ಹಿಂದಕ್ಕೆ ಹೋಗಬೇಕು. ಎಣ್ಣೆಗೆ ಹೋಗಲು ಜಾಗವೇ ಇಲ್ಲ. ಸ್ಕ್ರೂಡ್ರೈವರ್ ಸಿಕ್ಕಿಸಿ ಒತ್ತಿದರೆ ಎಣ್ಣೆ ಎಲ್ಲಿಂದಲಾದರೂ ದಾರಿ ಮಾಡಿಕೊಳ್ಳುತ್ತದೆ. ಆ ದಾರಿ ಸಾಮಾನ್ಯವಾಗಿ ಸೀಲ್.

ಆದ್ದರಿಂದ ಮೊದಲು ಟಿಪಿಎ ಪೂರ್ತಿ ಸಡಿಲಿಸಿ. ಯಾವ ಕಡೆ ತಿರುಗಿಸಬೇಕು ಅನ್ನುವುದನ್ನು ಪ್ಯಾಡ್ ನೋಡಿಕೊಂಡೇ ತಿಳಿಯಿರಿ, ಹಿಂದಕ್ಕೆ ಸರಿಯಬೇಕು. ಆಮೇಲೆ ಪ್ಯಾಡ್ ಕಿತ್ತು ಹೆಬ್ಬೆರಳಿನಿಂದ ಒತ್ತಿ. ಪಿಸ್ಟನ್ ತಳಕ್ಕೆ ಹೋಯಿತಾ? ಹಾಗಿದ್ದರೆ ಈಗ ಮೇಲಿನ ಅಳತೆ ಮಾಡಿ. ಹೋಗಲಿಲ್ಲ, ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು ಅಂದರೆ ಹಿಂದೆ ಯಾರೋ ಏರ್ ತೆಗೆಯುವಾಗ ಪಿಸ್ಟನ್‌ಗಳನ್ನು ಹೊರಗೆ ಬಿಟ್ಟುಕೊಂಡೇ ಎಣ್ಣೆ ತುಂಬಿದ್ದಾರೆ. ಎಣ್ಣೆ ಜಾಸ್ತಿಯಾಗಿದೆ. ಲಿವರ್ ಹತ್ತಿರದ ಏರ್ ಬಿರಟೆಯನ್ನು ಮೇಲ್ಮುಖವಾಗಿ ಬರುವಂತೆ ಸೈಕಲ್ ವಾಲಿಸಿ, ಸುತ್ತ ಬಟ್ಟೆ ಇಟ್ಟು, ಬಿರಟೆ ತೆಗೆದು ಪಿಸ್ಟನ್ ಒತ್ತಿ. ಹೆಚ್ಚಿನ ಎಣ್ಣೆ ಹೊರಗೆ ಬರುತ್ತದೆ. ಪಿಸ್ಟನ್ ಒತ್ತಿ ಹಿಡಿದಿರುವಾಗಲೇ ಬಿರಟೆ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಒಳಗೆಳೆದುಕೊಳ್ಳುತ್ತದೆ.

ಇಷ್ಟಾದರೂ ಜಾಗ ಸಾಲದಿದ್ದರೆ ಸಿಲಿಂಡರ್ ಸರಿಸಬೇಕು. ನಾಲ್ಕು ಬೋಲ್ಟಿನ ಫ್ರೇಮ್‌ಗಳಲ್ಲಿ ಸಿಲಿಂಡರನ್ನು ಹಿಡಿದಿರುವುದು ಎರಡು ಕ್ಲಾಂಪ್. ಬೋಲ್ಟ್ ಸಡಿಲಿಸಿದರೆ ಸಿಲಿಂಡರ್ ಒಳಕ್ಕೂ ಹೊರಕ್ಕೂ ಜಾರುತ್ತದೆ. ಲೆಕ್ಕದಲ್ಲಿ ಬಂದಷ್ಟು ಮಾತ್ರ ಹೊರಕ್ಕೆ ಸರಿಸಿ. ಕ್ಲಾಂಪಿನ ಪೂರ್ತಿ ಅಗಲ ಸಿಲಿಂಡರಿನ ಮೈಮೇಲೆ ಕೂತಿರಬೇಕು. ಅಂಚಿನಲ್ಲಿ ಅರ್ಧ ಹಿಡಿದರೆ ಮೊದಲ ಜೋರು ಹಿಡಿತಕ್ಕೇ ಸಿಲಿಂಡರ್ ಹೊರಗೆ ಜಾರುತ್ತದೆ. ಎರಡು ಸಿಲಿಂಡರ್‌ಗಳನ್ನು ಸೇರಿಸುವ ಪೈಪ್ ಕಡೆಗೂ ನೋಡಿ. ಅದು ಬಿಗಿಯಾಗಿ ಎಳೆದಿದ್ದರೆ ಸಿಲಿಂಡರನ್ನು ವಾರೆ ಮಾಡುತ್ತದೆ. ಅದಾದ ಮೇಲೆ ಪೆಡಲ್ ಮೇಲೆ ನಿಂತು ಹಿಮ್ಮಡಿ ತಾಗುತ್ತದಾ ನೋಡಿ. ಈ ಪರೀಕ್ಷೆಯನ್ನು ಶೂ ಹಾಕಿಕೊಂಡೇ ಮಾಡಿ, ಚಪ್ಪಲಿಯಲ್ಲಿ ಗೊತ್ತಾಗುವುದಿಲ್ಲ.

ಕ್ಲಾಂಪ್ ಸರಿಸಲು ಜಾಗ ಮುಗಿದಿದ್ದರೆ ಕಡೆಯ ದಾರಿ ಪ್ಯಾಡ್ ತೆಳು ಮಾಡುವುದು. ದಪ್ಪ ಗಾಜಿನ ಮೇಲೆ ಒರಟು ಎಮರಿ ಪೇಪರ್ ಹಾಸಿ, ಪ್ಯಾಡ್ ಮುಖ ಕೆಳಗೆ ಮಾಡಿ ಸಮವಾಗಿ ಉಜ್ಜಿ. ಅರದಿಂದ ಕೆರೆಯಬೇಡಿ, ಮುಖ ಉಬ್ಬು ತಗ್ಗಾಗುತ್ತದೆ. ಪ್ಯಾಡ್ ಮೇಲಿನ ಗೀರು ಮಾಯವಾಗುವಷ್ಟು ಉಜ್ಜಿದರೆ ಅದು ಹೊಸದಾಗಿದ್ದರೂ ಸವೆದ ಪ್ಯಾಡೇ. ನನ್ನ ಕೇಳಿದರೆ ಪ್ಯಾಡ್ ಉಜ್ಜುವುದಕ್ಕಿಂತ ಹಿಂಬದಿಯ ತಗಡು ತೆಳುವಾಗಿರುವ ಪ್ಯಾಡ್ ತರಿಸುವುದು ವಾಸಿ. ನಮ್ಮ ಕಡೆ ಮಾಮೂಲು ಸೈಕಲ್ ಅಂಗಡಿಯಲ್ಲಿ ಇವು ಸಿಗುವುದಿಲ್ಲ, ಹೊರದೇಶದಿಂದಲೇ ತರಿಸಬೇಕು. ರಿಮ್ ಆರ್ಡರ್ ಮಾಡುವಾಗಲೇ ಪ್ಯಾಡನ್ನೂ ಸೇರಿಸಿಬಿಡಿ.

ಇದರ ಉಲ್ಟಾ ತೊಂದರೆಯೂ ಇದೆ. ‘ಉಜ್ಜದಿರಲಿ’ ಅಂತ ಸಿಲಿಂಡರನ್ನು ತೀರಾ ಹೊರಗೆ ತಳ್ಳಿದವರಿಗೆ ಟಿಪಿಎ ಪೂರ್ತಿ ತಿರುಗಿಸಿದರೂ ಪ್ಯಾಡ್ ರಿಮ್ಮಿಗೆ ತಲುಪುವ ಹೊತ್ತಿಗೆ ಲಿವರ್ ಹ್ಯಾಂಡಲ್ ಹತ್ತಿರ ಬಂದಿರುತ್ತದೆ. ಹೊಸ ಪ್ಯಾಡ್ ಇರುವಾಗ ಟಿಪಿಎ ಹೆಚ್ಚುಕಡಿಮೆ ಪೂರ್ತಿ ಸಡಿಲವಾಗಿಯೇ ಇರಬೇಕು. ಆಗ ಸವೆತಕ್ಕೆ ಮುಂದೆ ಜಾಗ ಉಳಿಯುತ್ತದೆ. ಈಗಲೇ ಅದು ಖರ್ಚಾಗಿದ್ದರೆ ಸಿಲಿಂಡರನ್ನು ಒಂದೊಂದು ಮಿಮೀ ಒಳಗೆ ತನ್ನಿ.

ಒಂದೇ ಪಕ್ಕ ಉಜ್ಜುತ್ತದೆ

ಬ್ರೇಕ್ ಮುಟ್ಟಬೇಡಿ. ಚಕ್ರ ನೋಡಿ.

ಟ್ರಯಲ್ಸ್ ಫ್ರೇಮ್‌ಗಳಲ್ಲಿ ಹಿಂದಿನ ಆಕ್ಸಲ್ ಉದ್ದ ಸೀಳಿನಲ್ಲಿ ಕೂತಿರುತ್ತದೆ. ಎರಡೂ ಪಕ್ಕ ಬಸವನಹುಳು ಆಕಾರದ ತಿರುಗು ತಗಡುಗಳಿಂದ ಚೈನ್ ಬಿಗಿ ಮಾಡುತ್ತಾರೆ. ಎಡಗಡೆ ಒಂದು ಹಲ್ಲು, ಬಲಗಡೆ ಎರಡು ಹಲ್ಲು ತಿರುಗಿದ್ದರೆ ಚಕ್ರ ವಾರೆ. ಬ್ರೇಕ್ ಇರುವ ಜಾಗದಲ್ಲಿ ರಿಮ್ ಒಂದು ಪಕ್ಕಕ್ಕೆ ಒತ್ತಿರುತ್ತದೆ. ಸಣ್ಣ ರಿಮ್ ಇದ್ದಾಗ ಸಂದು ಸಾಕಷ್ಟಿತ್ತು, ಇದು ಕಾಣುತ್ತಿರಲಿಲ್ಲ. ಈಗ ಕಾಣುತ್ತಿದೆ.

ಅದು ಸರಿ ಇದ್ದರೆ ಚಕ್ರ ತೆಗೆದು ಎಡಬಲ ತಿರುಗಿಸಿ ಹಾಕಿ ನೋಡಿ. ಚೈನ್ ಬೇಡ, ಸುಮ್ನೆ ಆಕ್ಸಲ್ ಕೂರಿಸಿ. ರಿಮ್ ಈಗ ಇನ್ನೊಂದು ಪಕ್ಕಕ್ಕೆ ಹತ್ತಿರವಾದರೆ ಚಕ್ರ ಕಟ್ಟಿದವರು ರಿಮ್ಮನ್ನು ಹಬ್‌ನ ನಡುಮಧ್ಯಕ್ಕೆ ತಂದಿಲ್ಲ. ಕಡ್ಡಿ ಬಿಗಿ ಸಡಿಲ ಮಾಡಿ ಸರಿಸಬೇಕು. ಹಳೇ ಪಕ್ಕಕ್ಕೇ ಹತ್ತಿರವಿದ್ದರೆ ಚಕ್ರ ಸರಿ ಇದೆ, ಫ್ರೇಮ್ ವಾರೆ ಇದೆ ಅಥವಾ ಆಕ್ಸಲ್ ಸರಿಯಾಗಿ ಕೂತಿಲ್ಲ. ಫ್ರೇಮ್ ವಾರೆ ಇದ್ದರೆ ಒಂದು ಸಿಲಿಂಡರನ್ನು ಒಳಗೆ, ಇನ್ನೊಂದನ್ನು ಹೊರಗೆ ಸರಿಸಿ ಬದುಕಬಹುದು. ಎಣ್ಣೆಯ ಒತ್ತಡ ಎರಡೂ ಕಡೆ ಒಂದೇ, ಹಿಡಿತಕ್ಕೆ ತೊಂದರೆಯಿಲ್ಲ.

ಒಂದು ಸುತ್ತಿನಲ್ಲಿ ಒಂದು ಕಡೆ ಮಾತ್ರ ‘ಶಕ್’ ಅಂತ ತಾಗಿದರೆ ರಿಮ್ ಬೆಂಡ್. ಬೆಂಡ್ ತೆಗೆಸಿ. ಸಂದು ಒಂದೂವರೆ ಮಿಮೀ ಇರುವಾಗ ಅರ್ಧ ಮಿಮೀಗಿಂತ ಹೆಚ್ಚು ಓಲಾಟ ಇರಬಾರದು.

ಇನ್ನೊಂದು ವಿಷಯ. ಉಜ್ಜುತ್ತಿರುವುದು ಪ್ಯಾಡೇ ಅಂತ ಖಾತ್ರಿ ಮಾಡಿಕೊಂಡಿರಾ? ಅಗಲದ ರಿಮ್ ಮೇಲೆ ಟೈರ್ ಕೂಡ ಅಗಲವಾಗುತ್ತದೆ. ಫ್ರೇಮಿನ ಒಳಮೈಗೆ ಅಥವಾ ಬೂಸ್ಟರ್‌ಗೆ (ಫ್ರೇಮ್ ಬಾಗದಂತೆ ಬ್ರೇಕ್ ಬಳಿ ಹಾಕುವ ತಗಡು) ಟೈರ್ ತಾಗುತ್ತಿರಬಹುದು. ಸುತ್ತ ಕಾಗದದ ಪಟ್ಟಿ ಹಾಯಿಸಿ ನೋಡಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ.

ಲಿವರ್ ಮೆತ್ತಗಿದೆ

 ಮೊದಲ ಅನುಮಾನ ಒಳಗಿನ ಗಾಳಿಯ ಮೇಲೆ. ಏರ್ ತೆಗೆಯಿರಿ. ಟಿಪಿಎ ಪೂರ್ತಿ ಸಡಿಲ, ಪಿಸ್ಟನ್‌ಗಳು ತಳಕ್ಕೆ ಒತ್ತಿ ನಡುವೆ ಮರದ ತುಂಡು ಕೊಟ್ಟಿರಬೇಕು. ಕೆಳಗಿನ ಸಿಲಿಂಡರ್‌ನಿಂದ ಸಿರಿಂಜಿನಲ್ಲಿ ನಿಧಾನವಾಗಿ ತಳ್ಳಿ, ಲಿವರ್ ಎಲ್ಲಕ್ಕಿಂತ ಎತ್ತರದಲ್ಲಿರಲಿ. ಮಗುರಾದ ನೀಲಿ ಮಿನರಲ್ ಆಯಿಲ್ ಹಾಕಿ. ಬೈಕಿನ ಡಾಟ್ ಆಯಿಲ್ ಖಂಡಿತ ಬೇಡ, ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಇಂಗ್ಲೆಂಡಿನ ಟ್ರಯಲ್ಸ್ ಹುಡುಗರು ಎಣ್ಣೆ ಬದಲು ನೀರಿಗೆ ಆಂಟಿಫ್ರೀಜ್ ಬೆರೆಸಿ ತುಂಬುವುದುಂಟು. ಲಿವರ್ ಚುರುಕಾಗುತ್ತದೆ ಅನ್ನುತ್ತಾರೆ. ಮತ್ತೆ ಮತ್ತೆ ಬಿಚ್ಚಿ ತೊಳೆಯುವ ತಾಳ್ಮೆ ಇದ್ದವರಿಗೆ ಸರಿ, ನನಗಂತೂ ಬೇಡ.

ಏರ್ ತೆಗೆದ ಮೇಲೂ ಮೆತ್ತಗೇ ಇದ್ದರೆ ಕಾರಣ ಗಾಳಿಯಲ್ಲ. ಇನ್ನೊಬ್ಬರಿಗೆ ಲಿವರ್ ಹಿಡಿಯಲು ಹೇಳಿ ಹಿಂದಿನಿಂದ ನೋಡಿ. ಫ್ರೇಮಿನ ಎರಡು ಕೊಂಬೆಗಳು ಹೊರಕ್ಕೆ ಬಾಗುತ್ತಿದ್ದರೆ ನಿಮ್ಮ ಕೈಬಲ ಅಲ್ಲೇ ಖರ್ಚಾಗುತ್ತಿದೆ. ಕುದುರೆ ಲಾಳದ ಆಕಾರದ ಬೂಸ್ಟರ್ ತಗಡು ಹಾಕಿದರೆ ನಿಲ್ಲುತ್ತದೆ. ಹಾಕುವ ಮೊದಲು ಅಗಲವಾದ ಟೈರ್ ಅದರೊಳಗೆ ಹಾಯುತ್ತದಾ ನೋಡಿಕೊಳ್ಳಿ.

ಫ್ರೇಮ್ ಅಲುಗದೆ ಪ್ಯಾಡ್ ಮಾತ್ರ ತಿರುಚಿಕೊಳ್ಳುತ್ತಿದ್ದರೆ ಅದು ವಾರೆಯಾಗಿ ಕೂತಿದೆ. ರಿಮ್ ಬದಲಾದಾಗ ಅತಿ ಹೆಚ್ಚು ಸಲ ಕಾಣುವುದು ಇದೇ. ಕ್ಲಾಂಪ್ ಸಡಿಲಿಸಿ ಹೊರಗೆ ಸರಿಸುವಾಗ ಒಂದು ತುದಿ ಕೆಳಗೆ, ಒಂದು ತುದಿ ಮೇಲೆ ಆಗಿಬಿಟ್ಟಿರುತ್ತದೆ. ಇದಕ್ಕೆ ಒಂದು ಸುಲಭ ಉಪಾಯ: ಬೋಲ್ಟ್‌ಗಳನ್ನು ಬೆರಳಿನಲ್ಲಿ ತಿರುಗುವಷ್ಟು ಸಡಿಲ ಬಿಟ್ಟು, ಲಿವರ್ ಮೆಲ್ಲಗೆ ಹಿಡಿದು ರಬ್ಬರ್ ಬ್ಯಾಂಡ್ ಸುತ್ತಿ. ಪ್ಯಾಡ್ ತಾನೇ ರಿಮ್ಮಿಗೆ ಅಂಟಿ ಚಪ್ಪಟೆಯಾಗಿ ಕೂರುತ್ತದೆ. ಎತ್ತರ ಸರಿ ನೋಡಿಕೊಂಡು ನಾಲ್ಕೂ ಬೋಲ್ಟ್ ಸ್ವಲ್ಪ ಸ್ವಲ್ಪವಾಗಿ, ಅಡ್ಡಡ್ಡ ಕ್ರಮದಲ್ಲಿ ಬಿಗಿ ಮಾಡಿ. ಜೋರಾಗಿ ಹಿಡಿದು ಕಟ್ಟಬೇಡಿ, ಸಡಿಲವಿರುವ ಸಿಲಿಂಡರ್ ಹೊರಕ್ಕೆ ಹಾರುತ್ತದೆ.

ಗಟ್ಟಿಯಾಗಿ ಹಿಡಿಯುತ್ತದೆ, ಆದರೂ ಚಕ್ರ ಜಾರುತ್ತದೆ

ಮಾರ್ಕರ್ ಪೆನ್ನಿಂದ ರಿಮ್ಮಿನ ಪಕ್ಕದ ಮೇಲೆ ಒಂದು ಗೇಣು ಉದ್ದ ಬಣ್ಣ ಬಳಿಯಿರಿ. ಮೆಲ್ಲಗೆ ಬ್ರೇಕ್ ಹಿಡಿದು ಚಕ್ರ ತಿರುಗಿಸಿ. ಬಣ್ಣ ಎಲ್ಲಿ ಹೋಗಿದೆ? ಮೇಲಂಚಿನಲ್ಲಿ ಮಾತ್ರ ಹೋಗಿದ್ದರೆ ಪ್ಯಾಡ್ ಕೆಳಗಡೆ ರಿಮ್ಮಿಗೆ ತಾಗುತ್ತಿಲ್ಲ. ಕೆಲವು ಅಗಲ ರಿಮ್‌ಗಳ ಪಕ್ಕದ ಗೋಡೆ ನೆಟ್ಟಗಿರುವುದಿಲ್ಲ, ಸ್ವಲ್ಪ ಇಳಿಜಾರು. ಅಂಥ ಕಡೆ ಪ್ಯಾಡಿನ ಮುಖವನ್ನೇ ಅದಕ್ಕೆ ಹೊಂದುವಂತೆ ಉಜ್ಜಿಕೊಳ್ಳಬೇಕು. ಬಣ್ಣ ಪೂರ್ತಿ ಹೋಗಿದ್ದೂ ಜಾರುತ್ತಿದ್ದರೆ ತೊಂದರೆ ಮೇಲ್ಮೈಯದ್ದು.

ಟ್ರಯಲ್ಸ್‌ನಲ್ಲಿ ರಿಮ್ಮಿನ ಪಕ್ಕಗಳನ್ನು ಆಂಗಲ್ ಗ್ರೈಂಡರ್‌ನಿಂದ ಒರಟು ಮಾಡುವುದು ರೂಢಿ. ನಿಮ್ಮ ಹಳೇ ರಿಮ್ ಗ್ರೈಂಡ್ ಆಗಿತ್ತು, ಹೊಸದು ನುಣ್ಣಗಿದೆ. ಗ್ರೈಂಡ್ ಮಾಡಿದ ರಿಮ್ಮಿಗೆ ಬರುವ ಪ್ಯಾಡ್ ಗಟ್ಟಿ, ನುಣ್ಣನೆಯ ರಿಮ್ಮಿಗೆ ಬರುವುದು ಮೆದು. ಗಟ್ಟಿ ಪ್ಯಾಡ್ ನುಣ್ಣನೆಯ ರಿಮ್ ಮೇಲೆ ಜಾರದೆ ಇನ್ನೇನು ಮಾಡುತ್ತದೆ? ಹಳೇ ಪ್ಯಾಡನ್ನೇ ಹಾಕಿದ್ದರೆ ಅದರ ಮುಖ ಹೊಳಪು ಕಟ್ಟಿರುತ್ತದೆ, ಎಮರಿಯಲ್ಲಿ ಆ ಪದರ ತೆಗೆಯಿರಿ.

ಗ್ರೈಂಡ್ ಮಾಡದೆ ಇರಬೇಕೆಂದರೆ ಮೆದು ಪ್ಯಾಡ್ ಹಾಕಿ. ಒಣಗಿದ ಟಾರಿನ ಉಂಡೆಯನ್ನು ರಿಮ್ಮಿಗೆ ತೆಳುವಾಗಿ ಉಜ್ಜುವುದೂ ಹಳೇ ಉಪಾಯ. ಹಿಡಿತ ಬರುತ್ತದೆ, ಜೊತೆಗೆ ಬೀದಿಗೆಲ್ಲ ಕೇಳುವ ಕಿರುಚಾಟವೂ. ಮಳೆಯಲ್ಲಿ ಆ ಹಿಡಿತ ಕೈಕೊಡುತ್ತದೆ. ಗ್ರೈಂಡ್ ಮಾಡಿದ ರಿಮ್ ಒದ್ದೆಯಲ್ಲೂ ಹಿಡಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಆಡುವವರಿಗೆ ಅದೇ ಸರಿ.

ಗ್ರೈಂಡ್ ಮಾಡುವುದಾದರೆ ಟೈರ್ ತೆಗೆಯಿರಿ. ಕನ್ನಡಕ, ಮಾಸ್ಕ್ ಹಾಕಿ. ಡಿಸ್ಕನ್ನು ಓರೆಯಾಗಿ ಹಿಡಿದು ತಾಗಿಯೂ ತಾಗದಂತೆ ಸಾಲು ಗೀರು ಹಾಕುತ್ತಾ ಹೋಗಿ. ಒಂದೇ ಜಾಗದಲ್ಲಿ ನಿಲ್ಲಬೇಡಿ. ಕಬ್ಬಿಣಕ್ಕೆ ಬಳಸುವ ಮಾಮೂಲು ಡಿಸ್ಕಿಗೆ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತದೆ. ಮೆತ್ತಿದ ಡಿಸ್ಕ್ ಬಿಸಿಯಾಗಿ ಒಡೆಯಬಹುದು, ಆದ್ದರಿಂದ ಅಲ್ಯೂಮಿನಿಯಂಗೆ ಆಗುವಂಥದ್ದೇ ಕೇಳಿ ತನ್ನಿ. ನಾವು ಮಾಡುತ್ತಿರುವುದು ಗೀರು, ಹಳ್ಳವಲ್ಲ. ಪ್ರತಿ ಸಲ ಗ್ರೈಂಡ್ ಮಾಡಿದಾಗಲೂ ಗೋಡೆ ತೆಳುವಾಗುತ್ತದೆ. ಅಂಚಿನಲ್ಲಿ ಬಿರುಕು ಕಂಡರೆ ಆ ರಿಮ್ಮಿನ ಆಯಸ್ಸು ಮುಗಿಯಿತು.

ಟೈರಿನ ಪಕ್ಕದಲ್ಲಿ ಗೀರಿನ ಗುರುತಿದ್ದರೆ ಪ್ಯಾಡ್ ಎತ್ತರ ಜಾಸ್ತಿ, ತಕ್ಷಣ ಇಳಿಸಿ. ಚೈನ್ ಬಿಗಿ ಮಾಡಲು ಚಕ್ರವನ್ನು ಹಿಂದೆ ಮುಂದೆ ಸರಿಸಿದಾಗಲೆಲ್ಲ ಈ ಎತ್ತರ ಬದಲಾಗುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಉಜ್ಜುತ್ತದೆ

ಮುಚ್ಚಿದ ವ್ಯವಸ್ಥೆ ಅಂದೆನಲ್ಲ, ಅದರ ಇನ್ನೊಂದು ಮುಖ ಇದು. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ಹಿಗ್ಗಿದ್ದು ಪಿಸ್ಟನ್ ತಳ್ಳುತ್ತದೆ. ಯುರೋಪಿನ ಚಳಿಯಲ್ಲಿ ಇದು ಯಾರಿಗೂ ತಲೆನೋವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಕಡೆ ಬಿಸಿಲಲ್ಲಿ ನಿಲ್ಲಿಸಿದ ಸೈಕಲ್‌ಗೆ ಸಂದು ಕಡಿಮೆಯಿದ್ದರೆ ಇದು ಗೊತ್ತಾಗುತ್ತದೆ. ಟಿಪಿಎ ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಸಾಕು. ಏರ್ ತೆಗೆಯುವ ಗೋಜಿಗೆ ಹೋಗಬೇಡಿ.

ವಿ-ಬ್ರೇಕ್ ಇದ್ದರೆ

ಪ್ಯಾಡಿನ ಜೊತೆ ಬರುವ ಬಟ್ಟಲು ವಾಶರ್‌ಗಳಲ್ಲಿ ದಪ್ಪ ಒಂದು, ತೆಳು ಒಂದು ಇರುತ್ತದೆ. ತೋಳಿನ ಒಳಗಡೆ ದಪ್ಪದ್ದು ಇದ್ದರೆ ಅದನ್ನು ಹೊರಗೆ ಹಾಕಿ, ತೆಳುವಾದದ್ದನ್ನು ಒಳಗೆ ತನ್ನಿ. ಪ್ಯಾಡ್ ಅಷ್ಟರಮಟ್ಟಿಗೆ ಹೊರಗೆ ಸರಿಯುತ್ತದೆ. ಬ್ರೇಕ್ ಹಿಡಿದಾಗ ಎರಡು ತೋಳುಗಳು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಬೇಕು. ವಾಶರ್ ಬದಲಿಸಿದರೂ ತೋಳುಗಳು ಅಗಲಕ್ಕೆ ಬಿಚ್ಚಿಕೊಂಡೇ ಇದ್ದರೆ ತೆಳು ಪ್ಯಾಡ್ ಹಾಕಿ. ಕೇಬಲ್ಲಿನ ಬಾಗಿದ ಕೊಳವೆ ಇನ್ನೊಂದು ತೋಳಿಗೆ ತಾಗದಂತೆ ನೋಡಿಕೊಳ್ಳಿ.

ಹತ್ತುವ ಮೊದಲು

ನೆಲದ ಮೇಲೆ ನಿಂತು ಹಿಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೂ ಹಿಂದಕ್ಕೂ ಜೋರಾಗಿ ತಳ್ಳಿ. ಹಿಂದಕ್ಕೆ ತಳ್ಳಿದಾಗಲೂ ಅಷ್ಟೇ ಹಿಡಿಯಬೇಕು. ‘ಟಕ್’ ಅಂತ ಸದ್ದು ಬಂದರೆ ಕ್ಲಾಂಪಿನಲ್ಲಿ ಸಿಲಿಂಡರ್ ಅಲುಗುತ್ತಿದೆ. ಆಮೇಲೆ ಪೆಡಲ್ ಮೇಲೆ ನಿಂತು ಬ್ರೇಕ್ ಹಿಡಿದೇ ಪೆಡಲ್ ತುಳಿಯಲು ನೋಡಿ. ಹಿಂದಿನ ಚಕ್ರದ ಮೇಲೆ ಎದ್ದು ನಿಲ್ಲುವುದು ಇದೆಲ್ಲ ಆದ ಮೇಲೆ, ಅದೂ ಮೊದಲು ಹುಲ್ಲಿನ ಮೇಲೆ. ಒಂದಷ್ಟು ಹೊತ್ತು ಆಡಿ ಬಂದ ಮೇಲೆ ನಾಲ್ಕೂ ಬೋಲ್ಟ್ ಮತ್ತೆ ಮುಟ್ಟಿ ನೋಡಿ, ಕಡ್ಡಿಗಳನ್ನೂ ಜೋಡಿ ಜೋಡಿಯಾಗಿ ಒತ್ತಿ ನೋಡಿ. ಹೊಸದಾಗಿ ಕಟ್ಟಿದ ಚಕ್ರದ ಕಡ್ಡಿ ಮೊದಲ ಕುಪ್ಪಳಿಕೆಗಳಲ್ಲೇ ಸಡಿಲಗೊಳ್ಳುತ್ತವೆ. ಆಗ ರಿಮ್ ಓಲಾಡಿ ಮತ್ತೆ ಪ್ಯಾಡ್‌ಗೆ ತಾಗಲು ಶುರುವಾಗುತ್ತದೆ.